ಅಂಕಲಗಿಯ ಬನ್ನಿ

ಬೆಳಗಾವಿಯಿಂದ ಗೋಕಾಕದ ಕಡೆಗೆ ಹೊರಟ ಬಸ್ಸು ಪಟ್ಟಣದ ಗದ್ದಲವನ್ನು ಹಿಂದಿಕ್ಕಿತೆಂದರೆ ಹಾದಿಯ ಎರಡೂ ಮಗ್ಗುಲಿಗೆ ಕಬ್ಬು ಆಳೆತ್ತರ ನಿಂತು ನೋಟವನ್ನೇ ಕಟ್ಟಿಬಿಡುತ್ತದೆ. ಕಬ್ಬಿನ ಗೋಡೆ ಬಿರಿದಲ್ಲಿ ಗೋವಿನಜೋಳದ ಹೊಲ, ಹಿಂಗಾರಿ ಬಿತ್ತನೆಗೆ ಹರಗಿಬಿಟ್ಟ ನೆಲ, ಅದರಾಚೆಗೆ ಬೋಳುಗುಡ್ಡಗಳ ಸಾಲು. ಇದೇ ತಾಲೂಕಿನಲ್ಲಿ ಘಟಪ್ರಭೆ ಸುಮಾರು 170 ಅಡಿ ಕೆಳಕ್ಕೆ ಧುಮುಕಿ ಗೋಕಾಕ ಜಲಪಾತವೆನಿಸಿದ್ದಾಳೆ; ಮಾರ್ಕಂಡೇಯ ಹೊಳೆ ಗೊಡಚಿನಮಲ್ಕಿಯ ಬಂಡೆಗಳ ಮೇಲೆ ಬಿದ್ದು ನೊರೆಯಾಗುತ್ತದೆ. ನೋಡುವವರ ದಂಡೆಲ್ಲ ಅತ್ತ ಹರಿಯುತ್ತದೆ. ಅಂಕಲಗಿಯಲ್ಲಿ ಇಳಿಯುವವರು ಒಂದೋ ಊರಿನವರು, ಇಲ್ಲವೆ ಅಡವಿಸಿದ್ಧೇಶ್ವರ ಮಠಕ್ಕೆ ನಡೆದುಕೊಳ್ಳುವ ಭಕ್ತರು.

ವಿಜಯದಶಮಿಯ ಬೆಳಗ್ಗೆ ಅಲ್ಲಿ ಇಳಿದ ತರುಣನೂ ಊರಿನವನೇ. ರಾತ್ರಿಯಿಡೀ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಕುಳಿತು ಬೆಂಗಳೂರಿನಿಂದ ಬೆಳಗಾವಿಗೆ ಬಂದು, ಅಲ್ಲಿ ಬಸ್ಸಿಗಾಗಿ ಒಂದೂಕಾಲು ತಾಸು ಕಾದಿದ್ದನು. ಬಸ್ಸು ಕಡೆಗೂ ಬಂದಾಗ ಮುದುಕನೊಬ್ಬ ತಡವೇಕೆಂದು ಕೇಳಲು, ಕಂಡಕ್ಟರನು ನಗುತ್ತ, “ಬಂದೀವಲ್ರೀ ಯಜಮಾನ್ರ, ಇನ್ನೇನ್ರಿ?” ಎಂದನು. ಬಸ್ಸಿನ ತುಂಬ ನಗೆ. ಮುದುಕನೂ ನಕ್ಕನು. ತರುಣನೊಬ್ಬನೇ ನಗಲಿಲ್ಲ. ಕೈಯಲ್ಲಿ ಕರದಂಟಿನ ಪೆಟ್ಟಿಗೆ ಹಿಡಿದು, ಪರೀಕ್ಷೆಗೆ ಹೊರಟ ವಿದ್ಯಾರ್ಥಿಯಂತೆ, ತುಟಿಯೊಳಗೆ ಏನನ್ನೋ ಬಾಯಿಪಾಠ ಮಾಡುತ್ತಿದ್ದನು.

ಅವನು ಕೆಲಸ ಮಾಡುವುದು ಬೆಂಗಳೂರಿನಲ್ಲಿರುವ ಜಪಾನೀಯರ ಯಂತ್ರೋಪಕರಣದ ಕಚೇರಿಯೊಂದರಲ್ಲಿ. ಬೆಳಗಾವಿಯ ಸೀಮೆಗೂ ಜಪಾನಿಗೂ ಎತ್ತಣಿಂದೆತ್ತ ಸಂಬಂಧವೆಂದು ವಾಚಕರು ಕೇಳಬಹುದು. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಆ ಮನೆತನದ ಉದ್ಯಮವೇ 1997ರಲ್ಲಿ ಟೊಯೊಟಾದೊಡನೆ ಕೈಗೂಡಿಸಿ ಬಿಡದಿಯಲ್ಲಿ ಕಾರಿನ ಕಾರಖಾನೆಗೆ ಅಡಿಗಲ್ಲಾಯಿತು. ಆಮೇಲೆ ಬೆಂಗಳೂರಿನ ಸುತ್ತ ಜಪಾನೀ ಕಚೇರಿಗಳು ಹೆಚ್ಚಿದವು, ಆ ಭಾಷೆಯನ್ನು ಕಲಿಸುವ ತರಗತಿಗಳೂ ಹೆಚ್ಚಿದವು. ಅಂಕಲಗಿಯ ಈ ತರುಣ ಸಂಜೆಯ ಹೊತ್ತು ಅಂಥದೊಂದು ತರಗತಿಗೆ ಹೋಗಿ ನಮಸ್ಕಾರವನ್ನು ಒಂದು ವಾರದಲ್ಲಿ ಕಲಿತನು, ಲೆಕ್ಕವನ್ನು ಎರಡು ವಾರದಲ್ಲಿ ಕಲಿತನು. ಕ್ಷಮೆ ಕೇಳುವುದನ್ನು ಕಲಿಯಲು ಮಾತ್ರ ಒಂದು ವರ್ಷ ಹಿಡಿಯಿತು.

ಅದೊಂದು ಸೋಪಾನ. ಜನಸಂದಣಿಯಲ್ಲಿ ಮೈ ತಗುಲಿದರೆ ‘ಸುಮಿಮಾಸೆನ್’ ಸಾಕು. ‘ಸುಮು’ ಎಂದರೆ ತೀರುವುದು, ಮುಗಿಯುವುದು. ‘ಸುಮಿಮಾಸೆನ್’ ಎಂದರೆ ‘ಇದು ಇಷ್ಟಕ್ಕೆ ತೀರದು’ ಎಂಬ ಧ್ವನಿ. ಉಪಕಾರ ಮಾಡಿದವರಿಗೂ ಅದೇ ಮಾತನ್ನು ಹೇಳುತ್ತಾರೆ. ನಮ್ಮವರು ‘ನಿಮ್ಮ ಋಣ ತೀರದು’ ಎನ್ನುವುದಿಲ್ಲವೆ, ಹಾಗೆ. ಗಿರಾಕಿಗೆ ಸರಕು ತಡವಾಗಿ ತಲುಪಿದರೆ ಸುಮಿಮಾಸೆನ್ ಸಾಲದು. ‘ಮೋಶಿವಾಕೆ ಗೊಝಾಯಿಮಾಸೆನ್’ ಎನ್ನಬೇಕು. ‘ಹೇಳಿಕೊಳ್ಳಲು ನನ್ನಲ್ಲಿ ಯಾವ ನೆಪವೂ ಇಲ್ಲ’ ಎಂದು ಅದರ ಅರ್ಥ. ಅದಕ್ಕೂ ಮೇಲಿನ ಮೆಟ್ಟಿಲು ‘ಫುಕಾಕು ಒವಾಬಿ ಮೋಶಿಯಾಗೆಮಾಸು’. ‘ಆಳವಾದ ಕ್ಷಮಾಯಾಚನೆಯನ್ನು ಬಿನ್ನವಿಸಿಕೊಳ್ಳುತ್ತೇನೆ’ ಎಂದಂತೆ. ಮೈಯೂ ಮಾತಿನ ಜೊತೆಗೇ ಬಾಗಬೇಕು: ಎದುರಿಗೆ ಸಿಕ್ಕವರಿಗೆ 15 ಅಂಶ, ಗಿರಾಕಿಗೆ 30, ತಪ್ಪಿಗೆ 45. ನೆಲಕ್ಕೆ ಮಂಡಿಯೂರಿ ಹಣೆ ಹಚ್ಚುವ ‘ದೊಗೆಝಾ’ ಎಂಬುದೂ ಉಂಟು, ಅದು ದಿನಬಳಕೆಯದಲ್ಲ.

2017ರ ನವೆಂಬರ್ 14ರಂದು ಟೋಕಿಯೋ ಬಳಿಯ ಮಿನಾಮಿ ನಗರೆಯಾಮಾ ನಿಲ್ದಾಣದಿಂದ ತ್ಸುಕುಬಾ ಎಕ್ಸ್‌ಪ್ರೆಸ್ ಮಾರ್ಗದ ರೈಲೊಂದು ಹೊರಡಬೇಕಾದುದು 9 ಗಂಟೆ 44 ನಿಮಿಷ 40 ಸೆಕೆಂಡಿಗೆ. ಹೊರಟದ್ದು 20 ಸೆಕೆಂಡು ಮುಂಚೆ. ಯಾವ ಪ್ರಯಾಣಿಕನೂ ದೂರಲಿಲ್ಲ. ಆದರೂ ಕಂಪನಿ ಅದೇ ದಿನ ಬಹಿರಂಗವಾಗಿ ಕ್ಷಮೆ ಬೇಡಿತು. ತರಗತಿಯಲ್ಲಿ ಈ ಸುದ್ದಿ ಕೇಳಿದಾಗ ಎಲ್ಲರೂ ನಕ್ಕಿದ್ದರು. ಅಂಕಲಗಿಯ ತರುಣ ಆಗಲೂ ನಕ್ಕಿರಲಿಲ್ಲ.

ಏಕೆಂದರೆ ಅವನ ಮೇಲೆ ಮೂರು ವರ್ಷಗಳ ತಪ್ಪೊಂದಿತ್ತು. ತಂದೆ ತೀರಿಕೊಂಡ ಮೇಲೆ ಯಾರೋ ಕಿವಿಯೂದಿದರೆಂದು, ಕಾಕಾ ಬಾಂದುಕಲ್ಲನ್ನು ಸರಿಸಿ ಎರಡು ಗುಂಟೆ ಒಳಸೇರಿಸಿದ್ದಾನೆಂದು ನಂಬಿ, ಬೆಂಗಳೂರಿನಲ್ಲಿ ಕುಳಿತೇ ವಕೀಲರಿಂದ ನೋಟೀಸು ಕಳಿಸಿಬಿಟ್ಟಿದ್ದನು. ಇಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದ ಶುಲ್ಕಕ್ಕೆ ಜೋಡೆತ್ತು ಮಾರಿದವನು ಅದೇ ಕಾಕಾ. ಮುಂದೆ ಮೋಜಣಿದಾರ ಬಂದು ಸರಪಳಿ ಎಳೆದು ನೋಡಿದಾಗ ಕಲ್ಲು ತನ್ನ ಜಾಗ ಬಿಟ್ಟು ಒಂದು ಬೆರಳೂ ಕದಲಿರಲಿಲ್ಲ. ಕಾಕಾ ಏನೂ ಆಡಲಿಲ್ಲ. ಹಿರಿಯರ ಕಾಲದ ಒಂದೇ ಮನೆಯನ್ನು ಎರಡು ಮಾಡಿದಾಗ ನಡುಗೋಡೆಯಲ್ಲಿ ಒಂದು ಬಾಗಿಲು ಬಿಟ್ಟಿದ್ದರು. ಅದರ ಚಿಲಕ ಹಾಕಿದನು, ಅಷ್ಟೆ. ಅಂದಿನಿಂದ ಎಂಬತ್ತು ದಾಟಿದ ಆಯಿ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೋಗಬೇಕಾದರೆ ಬೀದಿಗಿಳಿದು, ಗಟಾರ ದಾಟಿ, ಕೋಲೂರಿಕೊಂಡು ಹೋಗಬೇಕು. ಈ ಮಳೆಗಾಲದಲ್ಲಿ ಅವಳು ಒಮ್ಮೆ ಜಾರಿ ಬಿದ್ದಳು. ಸೊಂಟ ಮುರಿಯಲಿಲ್ಲ, ದೈವ ದೊಡ್ಡದು. ಆದರೆ ಬೀದಿಗಿಳಿಯುವ ಧೈರ್ಯ ಮುರಿಯಿತು.

ಬೆಳಗಾವಿ ಜಿಲ್ಲೆಯಲ್ಲಿ ಕ್ಷಮೆ ಕೇಳುವ ಸಂಪ್ರದಾಯಕ್ಕೇನೂ ಬಡತನವಿಲ್ಲ. ಇಲ್ಲಿ ದಿಗಂಬರ ಜೈನರ ಮನೆತನಗಳು ಬಹಳ. ಭಾದ್ರಪದದ ದಶಲಕ್ಷಣ ಪರ್ವವು ಅನಂತ ಚತುರ್ದಶಿಗೆ ಮುಗಿದ ಮೇಲೆ ಅವರಲ್ಲಿ ಕ್ಷಮಾವಣಿ ಎಂಬ ದಿನ ಬರುತ್ತದೆ. ಅಂದು ತಿಳಿದೋ ತಿಳಿಯದೆಯೋ ಆದ ನೋವಿಗೆಂದು ಹಿರಿಯರು ಕಿರಿಯರೆನ್ನದೆ ಎಲ್ಲರೂ ಎಲ್ಲರಲ್ಲಿ ಕ್ಷಮೆ ಬೇಡುತ್ತಾರೆ. ಉಳಿದವರಿಗೆ ಆ ಕೆಲಸ ಮಾಡಿಕೊಡುವುದು ದಸರೆಯ ಬನ್ನಿ. ಪಾಂಡವರು ಅಜ್ಞಾತವಾಸಕ್ಕೆ ಮೊದಲು ಆಯುಧಗಳನ್ನು ಅಡಗಿಸಿಟ್ಟ ಶಮೀವೃಕ್ಷವೇ ಬನ್ನಿ. ಯುದ್ಧದ ಸರಕನ್ನು ಒಂದು ವರ್ಷ ಹೊತ್ತು ನಿಂತ ಮರದ ಎಲೆ ರಾಜಿಯ ಎಲೆಯಾದದ್ದು ಸೋಜಿಗವೇ ಸರಿ. ದಶಮಿಯ ಸಂಜೆ ಊರು ಸೀಮೆಗೆ ಹೋಗಿ ಮರಕ್ಕೆ ಪೂಜೆ ಸಲ್ಲಿಸಿ ಎಲೆ ತರುತ್ತದೆ. ಕಿರಿಯರು ಹಿರಿಯರ ಕೈಗೆ ಎಲೆಯಿಟ್ಟು ಕಾಲು ಮುಟ್ಟುತ್ತಾರೆ. “ಬನ್ನೀ ತುಗೊಂಡು ಬಂಗಾರಧಂಗ ಇರೂಣು.” ಮಾತು ಬಿಟ್ಟವರು ಮಾತು ಕೂಡಿಸುವುದಕ್ಕೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಗಳಿಗೆಯಿಲ್ಲ. ಹಳೆಯ ಜಗಳದ ಸುದ್ದಿ ಎತ್ತಬೇಕಾಗಿಲ್ಲ, ನೆಪ ಹೇಳಬೇಕಾಗಿಲ್ಲ, ಎಲೆ ಕೊಟ್ಟರಾಯಿತು.

ಆ ಸಂಜೆ ತರುಣನೂ ಹೋದನು. ಬನ್ನಿಮರದ ಸುತ್ತ ಜನವೋ ಜನ. ಎಲೆಗಾಗಿ ಕೊಂಬೆಗೆ ಕೈ ಹಾಕಿದ ಹುಡುಗರ ಅಂಗೈ ತುಂಬ ಮುಳ್ಳಿನ ಗೀರು. ಹಿಂದಿರುಗುವಾಗ ಬೀದಿಯುದ್ದಕ್ಕೂ ಹೊಸ ಪಟಕಗಳು, ಹೊಸ ಇಳಕಲ್ಲ ಸೀರೆಗಳು. ಹತ್ತು ಹೆಜ್ಜೆಗೊಬ್ಬರು ನಿಂತು ಎಲೆ ಕೊಟ್ಟು ಎಲೆ ಪಡೆಯುತ್ತಿದ್ದರು. ಕಾಕಾ ತನ್ನ ಬಾಗಿಲಿನ ಕಟ್ಟೆಯ ಮೇಲೆ ನಾಲ್ಕು ಜನರೊಡನೆ ಕುಳಿತಿದ್ದನು.

ತರುಣ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟನು. ತಪ್ಪೊಪ್ಪಿಕೊಳ್ಳಲು ಹೋಗುವಾಗ ಜಪಾನಿನಲ್ಲಿಯೂ ಸಿಹಿಯ ಪೆಟ್ಟಿಗೆ ಒಯ್ಯುತ್ತಾರೆ. ಆದರೆ ಮಾತು ಮುಗಿಯುವ ಮೊದಲು ಅದನ್ನು ಮುಂದೆ ಚಾಚಬಾರದೆಂದು ಅವನಿಗೆ ಕಲಿಸಿದ್ದರು. ಎಲೆಗಳನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿ, ದಾರಿಯುದ್ದ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದನು: “ಕಾಕಾರೀ, ನಮ್ಮಿಂದ ತಮ್ಮ ಮನಸ್ಸಿಗೆ ನೋವಾಗಿರುವುದಕ್ಕೆ ತಮ್ಮಲ್ಲಿ ವಿಷಾದಪೂರ್ವಕವಾಗಿ...”

“ಏ ತಮ್ಮಾ,” ಎಂದನು ಕಾಕಾ, “ಭಾಷಣಾ ಮಾಡಾಕ ಬಂದಿಯೇನು?”

ಕಟ್ಟೆಯ ಮೇಲಿದ್ದವರು ಬೇರೆಡೆ ನೋಡತೊಡಗಿದರು. ತರುಣನ ಬಾಯಾರಿತು. “ತಪ್ಪಾತ್ರಿ ಕಾಕಾ,” ಎಂದನು.

“ತಪ್ಪಾತು? ಮಳೀ ಆತು, ಸಂಜೀ ಆತು ಅಂಧಂಗ ತಾನಽ ಆತೇನು? ಯಾರಿಂದಾತು?”

ವಿದ್ವಾಂಸರೂ ನಿಂತು ಯೋಚಿಸಬೇಕಾದ ಪ್ರಶ್ನೆ ಇದು. ‘ತಪ್ಪಾಯಿತು’ ಎಂಬ ವಾಕ್ಯದಲ್ಲಿ ಕರ್ತೃಪದವೇ ಇಲ್ಲ. ತಪ್ಪು ತಾನಾಗಿ ಬಂದು ತಾನಾಗಿ ಸಂಭವಿಸಿದಂತೆ. ಆಡಿದವನು ಪಕ್ಕದಲ್ಲಿ ನಿಂತು ನೋಡಿದವನಂತೆ. ಇನ್ನೊಂದು ಮಾತು, ‘ಹೊಟ್ಟೆಯಲ್ಲಿ ಹಾಕಿಕೊಳ್ಳಿ’ ಎಂಬುದು. ಸೊಗಸಾದ ಮಾತು, ಆದರೆ ಅಲ್ಲಿಯೂ ಕೆಲಸವೆಲ್ಲ ನೊಂದವನದೇ. ಮಾಡಿದವನು ಬಡಿಸುತ್ತಾನೆ, ನೊಂದವನು ನುಂಗಬೇಕು. ‘ಮನ್ನಿಸು’ ಎಂಬುದರ ಹಾದಿಯೇ ಬೇರೆ: ಹಳಗನ್ನಡದಲ್ಲಿ ಅದಕ್ಕೆ ಗೌರವಿಸು ಎಂದೂ ಅರ್ಥ, ‘ಮನ್ನಣೆ’ಯಲ್ಲಿ ಅದು ಇಂದಿಗೂ ಉಳಿದಿದೆ. ಮನ್ನಿಸಿರೆಂದು ಕೇಳುವವನು ತಾನು ಕಳೆದುಕೊಂಡ ಮರ್ಯಾದೆಯನ್ನು ಕೇಳುತ್ತಿದ್ದಾನೆ. ಅಂಕಲಗಿಯ ಕಟ್ಟೆಯ ಮೇಲೆ ಆ ಮಾತನ್ನು ಆಡಿದರೆ ನಾಟಕದ ಮಾತೆಂದಾರು. ಗ್ರಂಥದ ‘ಕ್ಷಮಿಸಿ’ಗೂ ಅದೇ ಗತಿ. ಬೆಟಗೇರಿ ಕೃಷ್ಣಶರ್ಮರು, ಬಸವರಾಜ ಕಟ್ಟೀಮನಿಯವರು ಹುಟ್ಟಿದ್ದು ಈ ತಾಲೂಕಿನಲ್ಲಿ; ಚಂದ್ರಶೇಖರ ಕಂಬಾರರ ಘೋಡಗೇರಿ ನೆರೆಯ ಹುಕ್ಕೇರಿ ತಾಲೂಕಿನದು. ಇಲ್ಲಿಯ ಆಡುಮಾತಿನ ಕಸುವನ್ನು ಕನ್ನಡ ನಾಡು ಆ ಮೂವರಿಂದ ಬಲ್ಲದು. ಅಂಥ ಆಡುಮಾತಿನ ಮುಂದೆ ಪುಸ್ತಕದ ಸೌಜನ್ಯ ನಿಲ್ಲುವುದು ಕಷ್ಟ.

ಕಾಕಾ ಎಲೆಯನ್ನೇನೋ ತೆಗೆದುಕೊಂಡನು. “ಬನ್ನೀ ಒಲ್ಲೆ ಅನಬಾರ್ದು, ತುಗೋತೀನಿ. ಖರೆ, ನಿನ್ನ ನೋಟೀಸು ಬಂದಾಗ ನನಗ ಅದು ಓದಾಕ ಬರಲಿಲ್ಲ. ಮಾಸ್ತರರ ಕಡಿಂದ ಇದಽ ಕಟ್ಟೀ ಮ್ಯಾಲ ಓದಿಸಿದ್ನಿ. ನಾಕ ಮಂದಿ ಕೇಳ್ಯಾರ. ‘ತಾವು’ ಅಂತ ಬರದಿತ್ತು ಅದರಾಗ. ಸಣ್ಣಾಂವ ಇದ್ದಾಗ ಹೆಗಲ ಮ್ಯಾಲ ಕುಂತು ‘ನೀ ಓಡೋ ಕಾಕಾ’ ಅಂತಿದ್ದಿ. ಬೈದಿದ್ರ ನಡೀತಿತ್ತು. ‘ತಾವು’ ಅಂದಿ.” ಆಮೇಲೆ ತುಸು ತಡೆದು, “ಕಾಗದದಾಗ ಬಂದದ್ದು ಕಾಗದದಾಗಽ ಹೋಗಬೇಕು,” ಎಂದು ಒಳಗೆ ಎದ್ದುಹೋದನು. ಪೆಟ್ಟಿಗೆ ಕಟ್ಟೆಯ ಮೇಲೆಯೇ ಉಳಿಯಿತು. ಚಿಗವ್ವ ಬಂದು ಅದನ್ನು ಒಳಗೆ ಒಯ್ದಳು, ತೆರೆಯಲಿಲ್ಲ.

ಆ ರಾತ್ರಿ ತರುಣ ಕಾಗದ ಬರೆಯಲು ಕುಳಿತನು. ಕಚೇರಿಯಲ್ಲಿ ಅವನು ಜಪಾನೀ ಭಾಷೆಯ ‘ವಾಬಿಜೋ’, ಎಂದರೆ ಕ್ಷಮಾಪತ್ರಗಳನ್ನು ಬರೆದು ಪಳಗಿದವನು. ಜಪಾನೀಯರ ಪತ್ರ ಸಾಮಾನ್ಯವಾಗಿ ಋತುವರ್ಣನೆಯಿಂದ ಮೊದಲಾಗುತ್ತದೆ: ಹೂವರಳಿತು, ಮಂಜು ಬಿತ್ತು, ತಾವು ಕ್ಷೇಮವೆ. ಕ್ಷಮಾಪತ್ರದಲ್ಲಿ ಮಾತ್ರ ಆ ಉಪಚಾರವನ್ನು ಬಿಡುವುದು ವಾಡಿಕೆ. ನೇರವಾಗಿ ತಪ್ಪಿಗೇ ಕೈಹಾಕಬೇಕು. ಏನಾಯಿತು, ಯಾರಿಂದಾಯಿತು, ಇನ್ನು ಆಗದಂತೆ ಏನು ಮಾಡುತ್ತೇವೆ. ‘ಆದರೆ’ ಎಂಬ ಪದ ಎಲ್ಲಿಯೂ ಸುಳಿಯಕೂಡದು.

ಕನ್ನಡದಲ್ಲಿ ಅಂಥದೊಂದು ಕಾಗದಕ್ಕೆ ಮಾದರಿ ಎಲ್ಲಿದೆ? ಹುಡುಕಿದರೆ ಇಲ್ಲದಿಲ್ಲ. ನಮ್ಮ ಶಾಸನಗಳು ಶಾಪದಿಂದ ಮುಗಿದರೆ ಓಲೆಗರಿಯ ಪ್ರತಿಗಳು ಎಷ್ಟೋ ವೇಳೆ ಕ್ಷಮಾಯಾಚನೆಯಿಂದ ಮುಗಿಯುತ್ತವೆ. ಬೆನ್ನು ಬಾಗಿಸಿ, ಕಣ್ಣು ಕೀಲಿಸಿ ಕಂಠ ಹಿಡಿದು ಬರೆದ ಲಿಪಿಕಾರನು ತನ್ನ ಕೈತಪ್ಪನ್ನು ಬಲ್ಲವರು ಮನ್ನಿಸಬೇಕೆಂದು ಬೇಡಿಕೊಳ್ಳುತ್ತಾನೆ. ಜಪಾನೀಯರ ‘ಮೋಸು’ ಎಂಬ ಕ್ರಿಯಾಪದಕ್ಕೆ, ಎಂದರೆ ತನ್ನನ್ನು ತಗ್ಗಿಸಿಕೊಂಡು ಹೇಳುವುದಕ್ಕೆ, ನಮ್ಮಲ್ಲಿ ‘ಬಿನ್ನವಿಸು’ ಇದೆ, ‘ಅರಿಕೆ ಮಾಡು’ ಇದೆ. ಎದುರಿನವರು ಆಡಿದರೆ ‘ಅಪ್ಪಣೆ ಕೊಡಿಸು’ ಇದೆ. ಹಳೆಯ ಕಾಗದಗಳನ್ನು ನೋಡಿದವರಿಗೆ ಈ ಸರಕಿನ ಸಿರಿ ಗೊತ್ತು. ಹಿರಿಯರಿಗೆ ‘ತೀರ್ಥರೂಪ ಸಮಾನ’, ಬಳಿಕ ಶಿರಸಾಷ್ಟಾಂಗ ನಮಸ್ಕಾರ, ಬಳಿಕ ‘ಉಭಯ ಕುಶಲೋಪರಿ’.

ಮೊದಲ ಪ್ರತಿಯಲ್ಲಿ ತರುಣ ಇವೆಲ್ಲವನ್ನೂ ತುಂಬಿದನು. ಓದಿ ನೋಡಿದರೆ ವಕೀಲನ ನೋಟೀಸಿನ ತಮ್ಮನಂತೆ ಕಂಡಿತು. ಎರಡನೆಯದರಲ್ಲಿ ಕುಶಲೋಪರಿಯನ್ನು ಕಿತ್ತನು. ಮೂರು ವರ್ಷ ಕುಶಲ ಕೇಳದವನು ಈಗ ಯಾವ ಬಾಯಿಂದ ಕೇಳಬೇಕು? ‘ತೀರ್ಥರೂಪ’ವನ್ನು ಕೀಳಲಾಗಲಿಲ್ಲ, ಕಾಗದವನ್ನು ನಾಲ್ಕು ಜನ ಕೇಳುವವರು, ಆ ನಾಲ್ವರ ಎದುರಿಗೆ ಕಾಕಾನ ಹೆಸರಿನ ಹಿಂದೆ ಅದು ಇರಲೇಬೇಕು. ಕಷ್ಟವಾದದ್ದು ಸರ್ವನಾಮ. ‘ತಾವು’ ಎಂದರೆ ಹಳೆಯ ಗಾಯವೇ ಬಿಚ್ಚುತ್ತದೆ. ‘ನೀನು’ ಎಂದರೆ ಕ್ಷಮೆ ಬೇಡುವವನ ಸಲಿಗೆ ಅತಿಯಾಗುತ್ತದೆ. ನಡುರಾತ್ರಿಯವರೆಗೂ ಇದೊಂದು ಗಂಟು ಬಿಡಲಿಲ್ಲ. ಕಡೆಗೆ ಅವನಿಗೆ ನೆನಪಾದದ್ದು ಅದೇ ‘ಮೋಸು’. ಅದು ಎದುರಿನವನನ್ನು ಏಣಿ ಹತ್ತಿಸಿ ದೂರ ಕೂಡಿಸುವ ಪದವಲ್ಲ; ಆಡುವವನೇ ಒಂದು ಮೆಟ್ಟಿಲು ಇಳಿಯುವ ಪದ. ಕಾಕಾನನ್ನು ‘ನೀ’ ಎಂದೇ ಕರೆದು, ಇಳಿಯುವುದನ್ನೆಲ್ಲ ತನ್ನ ಕಡೆಯಿಂದ ಇಳಿಯಬಹುದಲ್ಲ!

ಮೂರನೆಯ ಪ್ರತಿ ಅರ್ಧ ಪುಟವೂ ಆಗಲಿಲ್ಲ. ತೀರ್ಥರೂಪ ಸಮಾನ ಕಾಕಾನಿಗೆ ಮಗನ ಅರಿಕೆ. ನೀನು ಕಲ್ಲು ಸರಿಸಿರಲಿಲ್ಲ. ಸರಿಸಿದ್ದೀಯೆಂದು ನಾನು ನಂಬಿದೆ. ನಿನ್ನನ್ನು ಒಂದು ಮಾತು ಕೇಳದೆ ನೋಟೀಸು ಕಳಿಸಿದೆ. ಮೋಜಣಿಯಾದ ಮೇಲೂ ನಾಚಿಕೆಯಿಂದ ಊರಿಗೆ ಬರಲಿಲ್ಲ. ಅದು ಎರಡನೆಯ ತಪ್ಪು. ಎತ್ತು ಮಾರಿ ನನ್ನನ್ನು ಓದಿಸಿದ್ದನ್ನು ಮರೆತೆ. ಅದು ಮೊದಲನೆಯದಕ್ಕಿಂತ ದೊಡ್ಡದು. ಹೇಳಿಕೊಳ್ಳಲು ನನ್ನಲ್ಲಿ ನೆಪವಿಲ್ಲ. ಇಷ್ಟೇ ಬರೆದು ಸಹಿ ಮಾಡಿದನು. ‘ಹೊಟ್ಟೆಯಲ್ಲಿ ಹಾಕಿಕೊ’ ಎಂದು ಬರೆಯಲು ಹೋಗಿ ಕೈ ತಡೆಯಿತು. ಅದನ್ನು ಕೇಳುವುದು ಈಗಲೇ ಹೆಚ್ಚಾದೀತೆಂದು ಬಿಟ್ಟುಬಿಟ್ಟನು.

ಮರುದಿನ ಸಂಜೆ ಅದೇ ಕಟ್ಟೆಯ ಮೇಲೆ ಅದೇ ನಾಲ್ವರು. ಮಾಸ್ತರರು ಬೇರೆ ಊರಿಗೆ ವರ್ಗವಾಗಿ ಹೋಗಿದ್ದರು. ಒಂಬತ್ತನೆಯ ಇಯತ್ತೆಯಲ್ಲಿ ಓದುವ ಕಾಕಾನ ಮಗಳು ಎದ್ದು ನಿಂತು, ಶಾಲೆಯ ಪಾಠವನ್ನೋದುವ ರಾಗದಲ್ಲಿ ಕಾಗದವನ್ನು ಓದಿದಳು. ಎತ್ತಿನ ಮಾತು ಬಂದಲ್ಲಿ ಅವಳ ರಾಗ ಕೆಟ್ಟಿತು. ಕಾಕಾ ಕೈಯಲ್ಲಿ ಎಲೆಅಡಿಕೆಯ ಚೀಲ ಹಿಡಿದು, ಬಿಚ್ಚದೆ, ಕೇಳಿದನು. ಓದು ಮುಗಿದ ಮೇಲೂ ಬಹಳ ಹೊತ್ತು ಮಾತಾಡಲಿಲ್ಲ.

“ಸರ್ವೇ ನಂಬರ್ ಹಾಕಿಲ್ಲ,” ಎಂದನು ಕಡೆಗೆ.

ತರುಣ ಕಿಸೆಯಿಂದ ಪೆನ್ನು ತೆಗೆದು ಸರ್ವೇ ನಂಬರನ್ನು ಬರೆದುಕೊಟ್ಟನು. ಕಾಕಾ ಒಳಗಿನಿಂದ ತಗಡಿನ ಟ್ರಂಕು ತರಿಸಿದನು. ಉತಾರೆಗಳು, ಸೊಸೈಟಿಯ ಪಾವತಿಗಳು, ಅಣ್ಣನ ಹಳೆಯ ಭಾವಚಿತ್ರ. ಅವುಗಳ ನಡುವೆ ನಾಲ್ಕು ಮಡಿಕೆಯಾಗಿ ಆ ನೋಟೀಸು. ಈ ಕಾಗದವನ್ನು ಅದರ ಮೇಲಿಟ್ಟು ಒಂದೇ ದಾರದಿಂದ ಸುತ್ತಿದನು. “ನೋಟೀಸು ಹರದು ಒಗೀಲೇನ್ರಿ?” ಎಂದು ಮಗಳು ಕೇಳಿದಳು. “ಬ್ಯಾಡ. ಎರಡೂ ಕೂಡೇ ಇರ್ಲಿ,” ಎಂದು ಟ್ರಂಕು ಮುಚ್ಚಿದನು. ಆಮೇಲೆ ತರುಣನ ಕಡೆ ತಿರುಗಿ, ಏನೋ ಮರೆತದ್ದು ನೆನಪಾದವನಂತೆ, “ಆಕಡೆ ಚಿಲಕಕ್ಕ ಜಂಗ ಹಿಡದೈತಿ, ಎಣ್ಣಿ ಬಿಡಬೇಕು. ಬಾ,” ಎಂದನು.

ಚಿಲಕಕ್ಕೆ ಎಣ್ಣೆಯಷ್ಟೇ ಸಾಲಲಿಲ್ಲ. ಕಲ್ಲಿನಿಂದ ಎರಡು ಪೆಟ್ಟೂ ಬೇಕಾದವು. ಬಾಗಿಲು ತೆರೆದಾಗ ಆಯಿ ಆಚೆ ಮಗ್ಗುಲಿನಲ್ಲಿ ಗೋಡೆಗೊರಗಿ ಕುಳಿತಿದ್ದಳು. ಸದ್ದು ಕೇಳಿ ಕೋಲನ್ನು ಆಗಲೇ ಕೈಗೆ ತೆಗೆದುಕೊಂಡಿದ್ದಳು. ಚಿಗವ್ವ ಕರದಂಟಿನ ಪೆಟ್ಟಿಗೆ ತೆರೆದು ಮೊದಲ ತುಂಡನ್ನು ಅವಳ ಅಂಗೈಗೆ ಇಟ್ಟಳು. ಕರಿದ ಅಂಟು, ಒಣಕೊಬ್ಬರಿ, ಬೆಲ್ಲ ಸೇರಿ ಕಲ್ಲಿನಂತಾದ ತುಂಡು. ಆಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಹಲ್ಲಿಲ್ಲದಾಕಿಗೆ ಕರದಂಟ ತಂದಾನ, ನೋಡ ಇಂವಾ,” ಎಂದು, ದವಡೆಗೆ ಇಟ್ಟುಕೊಂಡು ಚೀಪತೊಡಗಿದಳು.